ಕೋಚ್ ಮಾತಿನ ಏಟು: ಆಟಗಾರ್ತಿಯರೂ ಮನೆಯವರೂ ಪದೇ ಪದೇ ಕೇಳುವ ಪ್ರಶ್ನೆಗಳು

ಕೋಚ್ ಹೊಡೆದರೆ ತಪ್ಪು ಅಂತ ಈಗ ಬಹಳ ಜನ ಒಪ್ಪುತ್ತಾರೆ. ಮೈಮೇಲೆ ಕೈ ಹಾಕಿದರೆ ಪೊಲೀಸರ ಹತ್ತಿರ ಹೋಗಬೇಕು ಅನ್ನುವುದೂ ಗೊತ್ತು. ಆದರೆ ದಿನಾ ಬೆಳಗ್ಗೆ ಗ್ರೌಂಡಿನಲ್ಲಿ, ಎಲ್ಲರ ಎದುರಿಗೆ, "ಈ ಮೈ ಇಟ್ಕೊಂಡು ಓಡ್ತೀಯಾ ನೀನು?" ಅನ್ನಿಸಿಕೊಳ್ಳುವ ಹುಡುಗಿ ಯಾರ ಹತ್ತಿರ ಹೋಗಬೇಕು? ಮನೆಯಲ್ಲಿ ಹೇಳಿದರೆ "ಸರ್ ನಿನ್ನ ಒಳ್ಳೇದಕ್ಕೇ ಹೇಳೋದು" ಅನ್ನುವ ಉತ್ತರ ತಯಾರಾಗಿರುತ್ತದೆ. ಇಲ್ಲಿನ ಪ್ರಶ್ನೋತ್ತರ ಆ ಹುಡುಗಿಗೆ, ಅವಳ ಅಪ್ಪ-ಅಮ್ಮನಿಗೆ, ಶಾಲೆಯ ಪಿ.ಇ. ಟೀಚರಿಗೆ.

ಮಾನಸಿಕ ದೌರ್ಜನ್ಯ ಅಂದರೆ ಏನು? ಕೋಚ್ ಬೈಯಲೇಬಾರದಾ?

ಒಂದು ದಿನ ಸಿಟ್ಟು ಬಂದು ಕೂಗಿದ ಮಾತ್ರಕ್ಕೆ ಅದು ದೌರ್ಜನ್ಯ ಆಗಿಬಿಡುವುದಿಲ್ಲ. ಕೋಚ್ ಕೂಡ ಮನುಷ್ಯರೇ. ಆದರೆ ಅದೇ ನಡವಳಿಕೆ ಮತ್ತೆ ಮತ್ತೆ ಆಗುತ್ತಿದ್ದರೆ, ಅದರಿಂದ ಹುಡುಗಿ ತನ್ನನ್ನು ತಾನೇ ಕೆಟ್ಟವಳು, ಕೈಲಾಗದವಳು ಅಂದುಕೊಳ್ಳಲು ಶುರು ಮಾಡಿದ್ದರೆ ವಿಷಯ ಬೇರೆ. ಎಲ್ಲರ ಮುಂದೆ ಮೈಯನ್ನು ಹೀಯಾಳಿಸುವುದು. ಜಾತಿ, ಬಣ್ಣ, ಮನೆಯ ಬಡತನ ಎತ್ತಿ ಹಂಗಿಸುವುದು. ನೋವು ಅಂದರೆ "ನಾಟಕ" ಅನ್ನುವುದು. ಒಂದು ವಾರ ತಲೆಮೇಲೆ ಹೊತ್ತುಕೊಂಡು, ಮುಂದಿನ ವಾರ ಮುಖವನ್ನೂ ನೋಡದಿರುವುದು. "ನನ್ನ ಬಿಟ್ಟು ಹೋದ್ರೆ ನಿನ್ನ ಹೆಸರು ಯಾವ ಲಿಸ್ಟಲ್ಲೂ ಬರಲ್ಲ" ಅನ್ನುವುದು. ಇದೆಲ್ಲ ಅದರಲ್ಲೇ ಬರುತ್ತದೆ.

ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2016ರಲ್ಲಿ ಕ್ರೀಡೆಯಲ್ಲಿನ ಕಿರುಕುಳದ ಬಗ್ಗೆ ಒಂದು ಹೇಳಿಕೆ ಹೊರಡಿಸಿತು. ಉಳಿದೆಲ್ಲ ಬಗೆಯ ದೌರ್ಜನ್ಯಕ್ಕೂ ಬುಡದಲ್ಲಿರುವುದು ಮಾನಸಿಕ ದೌರ್ಜನ್ಯವೇ ಅಂತ ಅದರಲ್ಲಿದೆ. ಅಮೆರಿಕದ ಜಿಮ್ನಾಸ್ಟಿಕ್ಸ್ ನೋಡಿದರೆ ಇದು ಅರ್ಥವಾಗುತ್ತದೆ. ಅಲ್ಲಿನ ತಂಡದ ವೈದ್ಯ ಲ್ಯಾರಿ ನಾಸರ್ ನೂರಾರು ಹುಡುಗಿಯರ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ. 2018ರಲ್ಲಿ ಅವನಿಗೆ ಮಿಷಿಗನ್ ಕೋರ್ಟಿನಲ್ಲಿ 40ರಿಂದ 175 ವರ್ಷದ ಶಿಕ್ಷೆ ಆಯಿತು. ಅಷ್ಟು ವರ್ಷ ಅವನು ಸಿಕ್ಕಿಬೀಳಲಿಲ್ಲ ಯಾಕೆ? ಬಾಯಿ ಬಿಟ್ಟರೆ ತಂಡದಿಂದ ಹೊರಗೆ ಅನ್ನುವ ಭಯದಲ್ಲಿ ಆ ಹುಡುಗಿಯರು ಬೆಳೆದಿದ್ದರು. ನೋವನ್ನು ನುಂಗಿಕೊಳ್ಳಲು ಅವರಿಗೆ ಚಿಕ್ಕಂದಿನಿಂದ ಕಲಿಸಲಾಗಿತ್ತು.

"ಬೈದು ಹೇಳುವವರು ಬದುಕೋಕೆ ಹೇಳ್ತಾರೆ" ಅಂತ ಗಾದೆ ಇದೆಯಲ್ಲ?

ಇದೆ. ಬೈಯುವವರೆಲ್ಲ ಬದುಕಿಸುತ್ತಾರೆ ಅಂತ ಆ ಗಾದೆ ಹೇಳುವುದಿಲ್ಲ. ಬೈದು "ಹೇಳುವವರು" ಅಂತಿದೆ. ಅಂದರೆ ಬೈಗುಳದ ಒಳಗೆ ಒಂದು ಹೇಳಿಕೆ ಇರಬೇಕು, ಕಲಿಯುವುದಕ್ಕೆ ಏನಾದರೂ ಇರಬೇಕು.

"ಸ್ಟಾರ್ಟ್ ತಗೊಳ್ಳುವಾಗ ತಲೆ ಬೇಗ ಎತ್ತುತ್ತಿದ್ದೀಯ, ನೂರು ಸಲ ಹೇಳಿದ್ದೀನಿ!" ಇದು ಗದರಿಕೆ. ತಿದ್ದಿಕೊಳ್ಳಲು ದಾರಿ ಇದೆ. "ನೀನು ಹುಟ್ಟಿದ್ದೇ ದಂಡ." ಇದರಲ್ಲಿ ತಿದ್ದಿಕೊಳ್ಳಲು ಏನಿದೆ? ಮೊದಲನೆಯದು ಅವಳ ಓಟದ ಬಗ್ಗೆ, ಎರಡನೆಯದು ಅವಳ ಬಗ್ಗೆ. ಮನೆಯವರು ಇದೊಂದನ್ನು ಗಮನಿಸಿದರೂ ಅರ್ಧ ಗೊಂದಲ ಕಳೆಯುತ್ತದೆ. ಇನ್ನೊಂದನ್ನೂ ನೋಡಿ. ಕಟ್ಟುನಿಟ್ಟಿನ ಕೋಚ್ ಹತ್ತಿರ ಮಕ್ಕಳು ತಪ್ಪು ಮಾಡಿದಾಗ ಹೆದರುತ್ತಾರೆ. ದೌರ್ಜನ್ಯ ಮಾಡುವವರ ಹತ್ತಿರ ಏನೂ ತಪ್ಪು ಮಾಡದಿದ್ದಾಗಲೂ ಹೆದರಿಕೊಂಡೇ ಇರುತ್ತಾರೆ.

ಹುಡುಗರಿಗೂ ಆಗುತ್ತಲ್ವಾ? ಹೆಣ್ಣುಮಕ್ಕಳ ಮಾತು ಮಾತ್ರ ಯಾಕೆ?

ಹುಡುಗರಿಗೂ ಖಂಡಿತ ಆಗುತ್ತದೆ. ಆದರೆ ಹುಡುಗಿಯರ ವಿಷಯದಲ್ಲಿ ಕೆಲವು ಗಂಟುಗಳು ಜಾಸ್ತಿ. ಕೋಚ್‌ಗಳಲ್ಲಿ ಬಹುಪಾಲು ಗಂಡಸರು. ಮುಟ್ಟು, ಎದೆ, ತೂಕ ಇವುಗಳ ಬಗ್ಗೆ ಬಾಯಿ ಬಿಡಲು ನಾಚಿಕೆ. ಮನೆಯಲ್ಲಿ "ಆಡಿದ್ದು ಸಾಕು, ಬಾ" ಅನ್ನಲು ಯಾರಾದರೂ ಕಾಯುತ್ತಲೇ ಇರುತ್ತಾರೆ. ಹಾಗಾಗಿ ಕೋಚ್ ಬಗ್ಗೆ ದೂರು ಹೇಳಿದರೆ ಆಟವೇ ಕೈತಪ್ಪುತ್ತದೆ ಅನ್ನುವುದು ಅವಳಿಗೆ ಚೆನ್ನಾಗಿ ಗೊತ್ತು. ಅವಳ ಮೌನಕ್ಕೆ ದೊಡ್ಡ ಕಾರಣ ಇದೇ ಅಂತ ನನಗನ್ನಿಸುತ್ತದೆ.

ತೂಕದ ಬಗ್ಗೆ ಕೋಚ್ ಮಾತಾಡುವುದು ತಪ್ಪಾ? ಆಟಕ್ಕೆ ಬೇಕಲ್ಲ ಅದು?

ಇಲ್ಲಿ ಸ್ವಲ್ಪ ನಿಂತು ಮಾತಾಡಬೇಕು. ಹೆಣ್ಣುಮಕ್ಕಳ ಮೇಲಿನ ಮಾನಸಿಕ ಹಿಂಸೆ ಎಷ್ಟೋ ಸಲ ಶುರುವಾಗುವುದೇ ತೂಕದ ಮಷಿನ್ ಮೇಲೆ.

ಅಮೆರಿಕದ ಮೇರಿ ಕೇನ್ ಅನ್ನುವ ಓಟಗಾರ್ತಿ 2013ರಲ್ಲಿ, 17ನೇ ವಯಸ್ಸಿನಲ್ಲಿ, ಮಾಸ್ಕೋದ ವಿಶ್ವ ಚಾಂಪಿಯನ್‌ಶಿಪ್‌ನ 1500 ಮೀಟರ್ ಫೈನಲ್ ಓಡಿದಳು. ಅದೇ ವರ್ಷ ನೈಕಿ ಕಂಪನಿಯ ಆರೆಗನ್ ಪ್ರಾಜೆಕ್ಟ್ ಅನ್ನುವ ಓಟದ ತರಬೇತಿ ತಂಡ ಸೇರಿದಳು. ಕೋಚ್ ಆಲ್ಬರ್ಟೊ ಸಲಾಜಾರ್, ಜಗತ್ತಿನ ಅತಿ ಹೆಸರುವಾಸಿ ಕೋಚ್‌ಗಳಲ್ಲಿ ಒಬ್ಬರು. 2019ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪ್ರಕಟಿಸಿದ ವಿಡಿಯೊದಲ್ಲಿ ಮೇರಿ ಎಲ್ಲವನ್ನೂ ಹೇಳಿದಳು. 114 ಪೌಂಡ್, ಅಂದರೆ ಸುಮಾರು 52 ಕಿಲೊ, ಅಷ್ಟಕ್ಕೇ ಇಳಿಯಬೇಕು ಅಂತ ಒತ್ತಾಯ. ತಂಡದವರ ಎದುರಿಗೇ ತೂಕ ನೋಡುವುದು. ಇಳಿಯದಿದ್ದರೆ ಎಲ್ಲರ ಮುಂದೆ ಅವಮಾನ. ಮೂರು ವರ್ಷ ಅವಳಿಗೆ ಮುಟ್ಟು ಬರಲಿಲ್ಲ. ಐದು ಮೂಳೆ ಮುರಿದವು. ಸಾಯುವ ಯೋಚನೆಗಳೂ ಬಂದವು.

ಸಲಾಜಾರ್ ಆರೋಪಗಳನ್ನು ಒಪ್ಪಲಿಲ್ಲ. ತನ್ನ ಕೆಲವು ಮಾತು ಒರಟಾಗಿ ಕೇಳಿಸಿರಬಹುದು ಅಂತ ಆಮೇಲೆ ಹೇಳಿದರು. ಅಷ್ಟರಲ್ಲಿ ಡೋಪಿಂಗ್ ನಿಯಮ ಮುರಿದದ್ದಕ್ಕೆ ಅವರ ಮೇಲೆ ನಾಲ್ಕು ವರ್ಷದ ನಿಷೇಧ ಬಂದಿತ್ತು. 2021ರಲ್ಲಿ, ಕ್ರೀಡೆಯಲ್ಲಿನ ದೌರ್ಜನ್ಯದ ದೂರು ವಿಚಾರಿಸುವ ಅಮೆರಿಕದ ಸೇಫ್‌ಸ್ಪೋರ್ಟ್ ಕೇಂದ್ರ ಅವರನ್ನು ಕಾಯಂ ಆಗಿ ನಿಷೇಧಿಸಿತು.

ಮುಟ್ಟು ನಿಂತದ್ದಕ್ಕೂ ಮೂಳೆ ಮುರಿದದ್ದಕ್ಕೂ ಏನು ಸಂಬಂಧ? ಮಾಡುವ ಕಸರತ್ತಿಗೆ ತಕ್ಕಷ್ಟು ಊಟ ಸಿಗದಿದ್ದರೆ ದೇಹ ಖರ್ಚು ಉಳಿಸಲು ನೋಡುತ್ತದೆ. ಈಸ್ಟ್ರೋಜನ್ ಹಾರ್ಮೋನ್ ಇಳಿಯುತ್ತದೆ, ಮುಟ್ಟು ನಿಲ್ಲುತ್ತದೆ. ಮೂಳೆ ಗಟ್ಟಿಯಾಗಿರಲು ಅದೇ ಹಾರ್ಮೋನ್ ಬೇಕು. ಹದಿಹರೆಯದಲ್ಲಿ ಕಟ್ಟಿಕೊಳ್ಳದ ಮೂಳೆಯನ್ನು ಆಮೇಲೆ ಪೂರ್ತಿ ಕಟ್ಟಿಕೊಳ್ಳುವುದು ಕಷ್ಟ. "ಮುಟ್ಟು ನಿಂತರೆ ಒಳ್ಳೇದೇ, ಚೆನ್ನಾಗಿ ಟ್ರೇನ್ ಆಗ್ತಿದ್ದೀಯ ಅಂತ ಅರ್ಥ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮೂರು ತಿಂಗಳು ಬರದಿದ್ದರೆ ಡಾಕ್ಟರ ಹತ್ತಿರ ಹೋಗಿ.

ಕುಸ್ತಿ, ಬಾಕ್ಸಿಂಗ್, ಜೂಡೊ, ವೇಟ್‌ಲಿಫ್ಟಿಂಗ್‌ನಲ್ಲಿ ತೂಕದ ವರ್ಗ ಇದೆ, ಲೆಕ್ಕ ಇಡಲೇಬೇಕು. ಆದರೆ ಅದನ್ನು ಬಾಗಿಲು ಹಾಕಿಕೊಂಡು ನೋಡಬಹುದು. ಏನು ತಿನ್ನಬೇಕು ಅಂತ ಆಹಾರ ತಜ್ಞರು ಹೇಳಬಹುದು. ಸಾಲಾಗಿ ನಿಲ್ಲಿಸಿ, ನಂಬರ್ ಜೋರಾಗಿ ಓದಿ, ಹೆಸರಿಟ್ಟು ಕರೆಯುವುದರಿಂದ ಯಾರ ಓಟವೂ ಚುರುಕಾಗುವುದಿಲ್ಲ.

ನಮ್ಮ ಕೋಚ್ ಬೈಯುವುದೇ ಇಲ್ಲ, ಮಾತೇ ಬಿಟ್ಟುಬಿಡುತ್ತಾರೆ. ಇದೂ ದೌರ್ಜನ್ಯವೇ?

ಶಿಕ್ಷೆಯಾಗಿ ಮಾಡಿದರೆ, ಹೌದು. ಬೈಗುಳಕ್ಕಿಂತ ಇದು ಕೆಲವರನ್ನು ಜಾಸ್ತಿ ಕುಗ್ಗಿಸುತ್ತದೆ. ಹೀಗಾಗುತ್ತಿದೆ ಅಂತ ತೋರಿಸುವುದೂ ಕಷ್ಟ.

2018ರ ಮಹಿಳಾ ಟಿ20 ವಿಶ್ವಕಪ್ ನೆನಪಿರಬಹುದು. ಇಂಗ್ಲೆಂಡ್ ವಿರುದ್ಧದ ಸೆಮಿಫೈನಲ್‌ನಲ್ಲಿ ಮಿಥಾಲಿ ರಾಜ್ ಅವರನ್ನು ಆಡಿಸಲಿಲ್ಲ. ಆಮೇಲೆ ಅವರು ಬಿಸಿಸಿಐಗೆ ಪತ್ರ ಬರೆದರು. ತಾನು ಹತ್ತಿರ ಕೂತರೆ ಕೋಚ್ ರಮೇಶ್ ಪೊವಾರ್ ಎದ್ದು ಹೋಗುತ್ತಾರೆ, ನೆಟ್ಸ್‌ನಲ್ಲಿ ಬೇರೆಯವರ ಬ್ಯಾಟಿಂಗ್ ನೋಡುತ್ತಾರೆ, ತನ್ನ ಸರದಿ ಬಂದಾಗ ದೂರ ಹೋಗುತ್ತಾರೆ, ಮಾತಾಡಿಸಲು ಹೋದರೆ ಫೋನ್ ನೋಡುತ್ತಾರೆ ಅಂತ ದೂರಿದರು. ಪೊವಾರ್ ಒಪ್ಪಲಿಲ್ಲ. ಮಿಥಾಲಿ ಅವರನ್ನು ಸಂಭಾಳಿಸುವುದೇ ಕಷ್ಟವಾಗಿತ್ತು, ಆಡಿಸದಿದ್ದದ್ದು ಆಟದ ಲೆಕ್ಕಾಚಾರದಿಂದ ಅಂದರು. ಯಾರು ಸರಿ ಅಂತ ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಆದರೆ ಎರಡು ದಶಕ ದೇಶಕ್ಕೆ ಆಡಿದ ಒಬ್ಬ ಹಿರಿಯ ಆಟಗಾರ್ತಿಯೇ ಅವಮಾನವಾಯಿತು ಅಂತ ಬರೆಯಬೇಕಾಗಿ ಬಂತು. ಹಾಸ್ಟೆಲ್‌ನಲ್ಲಿರುವ 14 ವರ್ಷದ ಹುಡುಗಿ ಏನು ಮಾಡಬೇಕು?

ಕಷ್ಟಪಟ್ಟಿದ್ದಕ್ಕೇ ಪದಕ ಬಂತಲ್ಲ?

ಪದಕ ಬಂದವಳೊಬ್ಬಳು ನಮ್ಮ ಕಣ್ಣಿಗೆ ಕಾಣುತ್ತಾಳೆ. ಅದೇ ಕೋಚ್ ಹತ್ತಿರ ಆಟ ಬಿಟ್ಟವರು, ಕಾಲು ಮುರಿದುಕೊಂಡವರು, ಊಟ ಕಂಡರೆ ಹೆದರುವವರು ಲೆಕ್ಕಕ್ಕೇ ಬರುವುದಿಲ್ಲ. ಪದಕ ಬಂದವಳೂ ಬೈಗುಳದಿಂದ ಗೆದ್ದಳೋ, ಬೈಗುಳದ ನಡುವೆಯೂ ಗೆದ್ದಳೋ?

ಲಾರಿ ಹೆರ್ನಾಂಡೆಜ್ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ತಂಡದ ಚಿನ್ನ, ಬೀಮ್‌ನಲ್ಲಿ ಬೆಳ್ಳಿ ಗೆದ್ದ ಜಿಮ್ನಾಸ್ಟ್. ತನ್ನ ಕೋಚ್ ಮ್ಯಾಗಿ ಹೇನಿ ವಿರುದ್ಧ ಆಕೆಯೇ ಸಾಕ್ಷಿ ಹೇಳಿದಳು. 2020ರಲ್ಲಿ ಅಮೆರಿಕದ ಜಿಮ್ನಾಸ್ಟಿಕ್ಸ್ ಸಂಸ್ಥೆ ಆ ಕೋಚನ್ನು ಎಂಟು ವರ್ಷ ಅಮಾನತು ಮಾಡಿತು. ಆಮೇಲೆ ಅದನ್ನು ಐದು ವರ್ಷಕ್ಕೆ ಇಳಿಸಲಾಯಿತು. ಚಿನ್ನ ಕೊರಳಲ್ಲಿದ್ದ ಹುಡುಗಿಯೇ "ಇದು ಸರಿಯಲ್ಲ" ಅಂದದ್ದು ಇದು.

ಬ್ರಿಟನ್ನಿನಲ್ಲಿ ವಕೀಲೆ ಆ್ಯನ್ ವೈಟ್ 2008ರಿಂದ 2020ರವರೆಗಿನ ಜಿಮ್ನಾಸ್ಟಿಕ್ಸ್ ಬಗ್ಗೆ ವಿಚಾರಣೆ ನಡೆಸಿ 2022ರ ಜೂನ್‌ನಲ್ಲಿ ವರದಿ ಕೊಟ್ಟರು. 400ಕ್ಕೂ ಜಾಸ್ತಿ ಜನ ತಮ್ಮ ಅನುಭವ ಬರೆದು ಕಳಿಸಿದ್ದರು. ಅದರಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಮಾನಸಿಕ ದೌರ್ಜನ್ಯದ ಮಾತಿತ್ತು. ಗಾಯವಿದ್ದರೂ ಅಭ್ಯಾಸ, ನೀರು ಕುಡಿಯಲು, ಶೌಚಕ್ಕೆ ಹೋಗಲು ತಡೆ, ತಿಂಡಿಗಾಗಿ ಬ್ಯಾಗ್ ತಪಾಸಣೆ. ಪದಕಗಳ ಬೆನ್ನು ಹತ್ತಿದ ಸಂಸ್ಥೆ ಮಕ್ಕಳ ಕ್ಷೇಮವನ್ನು ಹಿಂದಕ್ಕೆ ತಳ್ಳಿತ್ತು ಅಂತ ವರದಿ ಹೇಳಿತು.

ವಯಸ್ಸಿಗೆ ಬಂದವಳು ಬಿಟ್ಟು ಬರಬಹುದಲ್ಲ?

ಬಿಟ್ಟು ಬಂದರೆ ಏನೇನು ಹೋಗುತ್ತದೆ ಅಂತ ಯೋಚಿಸಿ. ಹಾಸ್ಟೆಲ್ ಸೀಟು, ಊಟ, ಕಾಲೇಜಿನ ಸ್ಪೋರ್ಟ್ಸ್ ಕೋಟಾ, ನಾಳೆ ರೈಲ್ವೆಯಲ್ಲೋ ಪೊಲೀಸ್ ಇಲಾಖೆಯಲ್ಲೋ ಸಿಗಬಹುದಾದ ಕೆಲಸ. ಇಷ್ಟೆಲ್ಲದರ ಕೀಲಿ ಒಬ್ಬರ ಕೈಯಲ್ಲೇ ಇರುವಾಗ "ಬಿಟ್ಟು ಬಾ" ಅನ್ನುವುದು ಸುಲಭದ ಮಾತು.

ದುಡಿಯುವ ವೃತ್ತಿಪರ ಆಟಗಾರ್ತಿಯರಿಗೇ ಹಾಗೆ ಬಿಟ್ಟು ಬರಲು ಆಗಿಲ್ಲ. ಅಮೆರಿಕದ ಮಹಿಳಾ ಫುಟ್‌ಬಾಲ್ ಲೀಗ್‌ನಲ್ಲಿ ಮಾನಾ ಶಿಮ್ 2015ರಲ್ಲೇ ಕೋಚ್ ಪಾಲ್ ರೈಲಿ ವಿರುದ್ಧ ದೂರು ಕೊಟ್ಟಿದ್ದಳು. ಕ್ಲಬ್ ಅವನನ್ನು ಸದ್ದಿಲ್ಲದೆ ಕಳಿಸಿತು. ಇನ್ನೊಂದು ಕ್ಲಬ್ ಅವನನ್ನು ತೆಗೆದುಕೊಂಡಿತು. 2021ರಲ್ಲಿ ಶಿಮ್ ಮತ್ತು ಇನ್ನೊಬ್ಬ ಆಟಗಾರ್ತಿ ಸಿನೇಡ್ ಫ್ಯಾರೆಲಿ ಪತ್ರಿಕೆಯ ಮುಂದೆ ಮಾತಾಡಿದ ಮೇಲೆ ಅವನ ಕೆಲಸ ಹೋಯಿತು. ಹೆಚ್ಚಿನ ಆರೋಪಗಳನ್ನು ಅವನು ಅಲ್ಲಗಳೆದ. ಆಟಗಾರ್ತಿಯರು ಪಂದ್ಯದ 6ನೇ ನಿಮಿಷಕ್ಕೆ ಆಟ ನಿಲ್ಲಿಸಿ, ಮೈದಾನದ ನಡುವೆ ಕೈಕೈ ಹಿಡಿದು ನಿಂತರು. 2022ರ ಅಕ್ಟೋಬರ್‌ನಲ್ಲಿ ಸ್ಯಾಲಿ ಯೇಟ್ಸ್ ಕೊಟ್ಟ ತನಿಖಾ ವರದಿ, ಬೈಗುಳವೂ ಅವಮಾನವೂ ಆ ಆಟದಲ್ಲಿ ಮಕ್ಕಳ ಲೀಗ್‌ನಿಂದಲೇ ಮಾಮೂಲಾಗಿವೆ ಅಂದಿತು. 2023ರ ಜನವರಿಯಲ್ಲಿ ರೈಲಿಯೂ ಸೇರಿ ನಾಲ್ಕು ಕೋಚ್‌ಗಳಿಗೆ ಲೀಗ್ ಕಾಯಂ ನಿಷೇಧ ಹಾಕಿತು.

ಮಗಳು ಏನೂ ಹೇಳುವುದಿಲ್ಲ. ಗೊತ್ತಾಗುವುದು ಹೇಗೆ?

ಅಭ್ಯಾಸಕ್ಕೆ ಹೊರಡುವ ಮುಂಚೆ ಹೊಟ್ಟೆನೋವು, ವಾಂತಿ. ರಜೆಗೆ ಬಂದಾಗ ಎಲ್ಲರ ಜೊತೆ ಊಟಕ್ಕೆ ಕೂರದಿರುವುದು, ಅನ್ನವನ್ನು ತುತ್ತು ತುತ್ತು ಲೆಕ್ಕ ಹಾಕುವುದು. ಕೋಚ್ ಮೆಸೇಜ್ ಬಂದ ತಕ್ಷಣ ಮುಖದ ಬಣ್ಣ ಬದಲಾಗುವುದು. ಗಾಯವನ್ನು ಮುಚ್ಚಿಡುವುದು. ತನ್ನ ಬಗ್ಗೆ ಕೋಚ್ ಮಾತಲ್ಲೇ ಮಾತಾಡುವುದು, "ನಾನು ಸೋಮಾರಿ, ನಾನು ದಪ್ಪ" ಅಂತ.

"ಏನಾದ್ರೂ ಆಯ್ತಾ?" ಅಂತ ಕೇಳಿದರೆ "ಏನಿಲ್ಲ" ಅನ್ನುತ್ತಾಳೆ. ಬದಲು, "ತಪ್ಪು ಮಾಡಿದರೆ ಸರ್ ಏನಂತಾರೆ?" "ಅಲ್ಲಿ ಯಾರಿಗೆ ಜಾಸ್ತಿ ಬೈಗುಳ ಬೀಳುತ್ತೆ?" ಅಂತ ಕೇಳಿ ನೋಡಿ. ಬೇರೆಯವಳ ಕತೆ ಹೇಳುವಾಗ ತನ್ನದೂ ಹೊರಬರುತ್ತದೆ. ಬೈಕಿನಲ್ಲಿ ಹೋಗುವಾಗ, ತಲೆ ಬಾಚುವಾಗ, ಎದುರುಬದುರು ಕೂರದೆ ಕೇಳಿದರೆ ಇನ್ನೂ ಒಳ್ಳೆಯದು.

ಹೇಳಿದಳು. ಈಗ ಮೊದಲು ಏನು ಮಾಡಲಿ?

ನಂಬಿ, ನಂಬಿದ್ದೀನಿ ಅಂತ ಬಾಯಿಬಿಟ್ಟು ಹೇಳಿ. ಆ ಕ್ಷಣವೇ ಕೋಚ್‌ಗೆ ಫೋನ್ ಮಾಡಿ ಜಗಳಕ್ಕೆ ನಿಲ್ಲಬೇಡಿ. ಮಾರನೇ ದಿನ ಅದರ ಬಿಸಿ ಅವಳಿಗೇ ತಟ್ಟುತ್ತದೆ. "ನಾಳೆಯಿಂದ ಆಟ ಬಂದ್" ಅಂತಲೂ ಹೇಳಬೇಡಿ. ಮುಂದೆ ಏನು ಮಾಡೋಣ ಅಂತ ಅವಳನ್ನೇ ಕೇಳಿ.

ಬದುಕು ಸಾಕು ಅನ್ನುವಂಥ ಮಾತು ಬಂದರೆ ಉಳಿದದ್ದೆಲ್ಲ ಆಮೇಲೆ. ಅವಳನ್ನು ಒಂಟಿಯಾಗಿ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡುತ್ತಾರೆ. ತೀರಾ ತುರ್ತಾದರೆ 112.

ಬರೀ ಮಾತಿಗೆ ಸಾಕ್ಷಿ ಎಲ್ಲಿಂದ ತರೋದು?

ದಿನಾಂಕ, ಜಾಗ, ಅಂದ ಮಾತು ಅಂದ ಹಾಗೇ, ಯಾರು ಇದ್ದರು. ಅವತ್ತೇ ಒಂದು ಪುಸ್ತಕದಲ್ಲಿ ಬರೆದಿಡಲಿ. ವಾಟ್ಸಾಪ್ ಮೆಸೇಜ್, ವಾಯ್ಸ್ ನೋಟ್ ಅಳಿಸಬೇಡಿ. ಸ್ಕ್ರೀನ್‌ಶಾಟ್ ಸಾಲದು, ಮೂಲ ಇರುವ ಫೋನನ್ನೇ ಇಟ್ಟುಕೊಳ್ಳಿ. ಡಾಕ್ಟರ ಚೀಟಿ, ಸ್ಕ್ಯಾನ್ ಕೂಡ ಸಾಕ್ಷಿಯೇ. ತಂಡದ ಬೇರೆ ಹುಡುಗಿಯರು ಜೊತೆಗೆ ನಿಂತರೆ ಅದಕ್ಕಿಂತ ದೊಡ್ಡ ಬಲ ಇಲ್ಲ.

ದಕ್ಷಿಣ ಕೊರಿಯಾದ ಟ್ರಯಥ್ಲಾನ್ ಆಟಗಾರ್ತಿ ಚೋಯ್ ಸುಕ್-ಹ್ಯೋನ್ ಹತ್ತಿರ ಸಾಕ್ಷಿ ಇತ್ತು. ಕೋಚ್ ಮತ್ತು ಅವನ ಜೊತೆಯವರ ಬೈಗುಳ, ಹೊಡೆತ ರೆಕಾರ್ಡ್ ಆಗಿತ್ತು. ತೂಕ ಹೆಚ್ಚಿತು ಅಂತ ಅವಳನ್ನು ಉಪವಾಸ ಕೆಡವುತ್ತಿದ್ದರು. ಅವಳು ಪೊಲೀಸರಿಗೆ, ನಗರಸಭೆಗೆ, ಟ್ರಯಥ್ಲಾನ್ ಫೆಡರೇಶನ್‌ಗೆ, ಅಲ್ಲಿನ ಒಲಿಂಪಿಕ್ ಸಮಿತಿಗೆ ದೂರು ಕೊಟ್ಟಳು. ಒಬ್ಬರೂ ಬೇಗ ಕೈ ಹಿಡಿಯಲಿಲ್ಲ. 2020ರ ಜೂನ್‌ನಲ್ಲಿ, 22ನೇ ವಯಸ್ಸಿನಲ್ಲಿ ಅವಳು ಪ್ರಾಣ ಕಳೆದುಕೊಂಡಳು. ಆಮೇಲೆ ಕೋಚ್‌ಗೆ 7 ವರ್ಷ ಜೈಲಾಯಿತು. ಲೈಸೆನ್ಸೇ ಇಲ್ಲದೆ "ತಂಡದ ಡಾಕ್ಟರ್" ಅನ್ನಿಸಿಕೊಂಡಿದ್ದವನಿಗೆ 8 ವರ್ಷ. ಅವಳ ಹೆಸರಿನಲ್ಲಿ ಕಾನೂನೂ ತಿದ್ದುಪಡಿಯಾಯಿತು. ಅವಳು ಬದುಕಿದ್ದಾಗ ಆ ರೆಕಾರ್ಡಿಂಗ್ ಕೂತು ಕೇಳಬೇಕಾದವರು ಕೇಳಲಿಲ್ಲ. ದೂರು ತೆಗೆದುಕೊಳ್ಳುವ ಕುರ್ಚಿಯಲ್ಲಿ ಕೂತಿರುವ ಪ್ರತಿಯೊಬ್ಬರೂ ಇವಳ ಕತೆ ತಿಳಿದಿರಬೇಕು.

ನಮ್ಮ ಕಾನೂನು ಏನು ಹೇಳುತ್ತದೆ?

ಹುಡುಗಿಗೆ 18 ತುಂಬಿಲ್ಲದಿದ್ದರೆ, 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಇದೆ. ಮಗುವಿನ ಜವಾಬ್ದಾರಿ ಹೊತ್ತವರು ಅದಕ್ಕೆ ಮೈಗೋ ಮನಸ್ಸಿಗೋ ಅನವಶ್ಯಕ ನೋವು ಕೊಡುವಂತೆ ನಡೆದುಕೊಂಡರೆ ಮೂರು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿ ದಂಡ, ಅಥವಾ ಎರಡೂ. ಮನಸ್ಸಿನ ನೋವೂ ಕಾಯ್ದೆಯಲ್ಲೇ ಇದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಲೈಂಗಿಕ ಕಿರುಕುಳವಿದ್ದರೆ ಪೋಕ್ಸೊ. ಅದರಲ್ಲಿ ವಿಷಯ ಗೊತ್ತಿದ್ದವರು ತಿಳಿಸಲೇಬೇಕು, ಮುಚ್ಚಿಟ್ಟರೆ ಅದೂ ಅಪರಾಧ.

18 ದಾಟಿದವಳಿಗೆ ದಾರಿ ಸ್ವಲ್ಪ ಇಕ್ಕಟ್ಟು. ಬರೀ ಮಾನಸಿಕ ಹಿಂಸೆಗೆ ಅಂತಲೇ ಕ್ರೀಡೆಯಲ್ಲಿ ಪ್ರತ್ಯೇಕ ಅಪರಾಧ ಇಲ್ಲ. ಬೆದರಿಕೆ ಇದ್ದರೆ, ಹೆಣ್ಣಿನ ಮಾನಕ್ಕೆ ಕುಂದು ತರುವ ಮಾತಿದ್ದರೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸೆಕ್ಷನ್‌ಗಳಿವೆ. ಮೈಯ ಬಗ್ಗೆ ಅಶ್ಲೀಲ ಮಾತು ಸೇರಿದ್ದರೆ, ಕೆಲಸದ ಸ್ಥಳದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಪಾಶ್ ಕಾಯ್ದೆ ಬರುತ್ತದೆ. ಕ್ರೀಡಾ ಸಂಸ್ಥೆ, ಸ್ಟೇಡಿಯಂ, ಸ್ಪರ್ಧೆಯ ಜಾಗ ಎಲ್ಲವೂ ಅದರಲ್ಲಿ ಕೆಲಸದ ಸ್ಥಳವೇ. ದೂರು ಕೊಡುವವಳು ಅಲ್ಲಿ ಸಂಬಳಕ್ಕಿರಬೇಕು ಅಂತಿಲ್ಲ. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕು. ಸರಿಯಾದ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು.

ಕಾಗದದ ಮೇಲೆ ಇಷ್ಟಿದ್ದರೂ, 2023ರ ಮೇನಲ್ಲಿ ಹಲವು ರಾಷ್ಟ್ರೀಯ ಫೆಡರೇಶನ್‌ಗಳಲ್ಲಿ ಆಂತರಿಕ ದೂರು ಸಮಿತಿಯೇ ಸರಿಯಾಗಿಲ್ಲ ಅಂತ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನೋಟಿಸ್ ಕೊಡಬೇಕಾಯಿತು. 2025ರಲ್ಲಿ ಬಂದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯಲ್ಲಿ ಮಹಿಳೆಯರ, ಮಕ್ಕಳ ಸುರಕ್ಷತೆಗೆ ನೀತಿ ಬೇಕು, ದೂರು ಕೇಳುವ ವ್ಯವಸ್ಥೆ ಬೇಕು ಅಂತಿದೆ. ಅಕಾಡೆಮಿಗೆ ಸೇರಿಸುವ ಮೊದಲೇ "ನಿಮ್ಮ ಸಮಿತಿಯಲ್ಲಿ ಯಾರಿದ್ದಾರೆ?" ಅಂತ ಕೇಳಿ. ಉತ್ತರ ತಡವರಿಸಿದರೆ ಯೋಚಿಸಿ.

ಕರ್ನಾಟಕದಲ್ಲಿ ದೂರು ಎಲ್ಲಿ ಕೊಡಬೇಕು?

ಸರ್ಕಾರಿ ಕ್ರೀಡಾ ಹಾಸ್ಟೆಲ್ ಆದರೆ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜಿಲ್ಲಾ ಕಚೇರಿಗೆ. ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯ್) ಕೇಂದ್ರವಾದರೆ ಅದರ ಮುಖ್ಯಸ್ಥರಿಗೆ. ಮಕ್ಕಳ ವಿಷಯದಲ್ಲಿ 1098ಕ್ಕೆ ಕರೆ ಮಾಡಿ, ಅಥವಾ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ, ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಬರೆಯಿರಿ. ಮಹಿಳಾ ಸಹಾಯವಾಣಿ 181. ಚಿಕ್ಕ ಖಾಸಗಿ ಅಕಾಡೆಮಿಯಾಗಿ, ಒಳಗೆ ಸಮಿತಿ ಇಲ್ಲದಿದ್ದರೆ ಪಾಶ್ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತದೆ. ವಕೀಲರಿಗೆ ದುಡ್ಡಿಲ್ಲ ಅಂತ ಹಿಂದೆ ಸರಿಯಬೇಡಿ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಹೆಂಗಸರಿಗೆ, ಮಕ್ಕಳಿಗೆ ಉಚಿತ ನೆರವು ಕೊಡುತ್ತದೆ. ಏನೇ ಕೊಟ್ಟರೂ ಬರಹದಲ್ಲಿ ಕೊಡಿ, ಸ್ವೀಕೃತಿ ಪಡೆಯಿರಿ.

ದೂರು ಕೊಟ್ಟರೆ ಅವಳ ಕೆರಿಯರ್ ಮುಗೀತು ಅಂತಾರೆ?

ಆ ಭಯ ಸುಳ್ಳಲ್ಲ. ಅದಕ್ಕೇ ಒಬ್ಬಳೇ ಹೋಗದಿರುವುದು ಒಳ್ಳೆಯದು. ಜಪಾನಿನ ಮಹಿಳಾ ಜೂಡೊ ತಂಡದ 15 ಮಂದಿ ಕೋಚ್ ರ್ಯೂಜಿ ಸೊನೋಡಾ ಅವರ ಹೊಡೆತ, ಬೈಗುಳದ ವಿರುದ್ಧ ಒಟ್ಟಿಗೆ ನಿಂತರು. ಜೂಡೊ ಸಂಘ ಮೊದಲು ಎಚ್ಚರಿಕೆ ಕೊಟ್ಟು ಅವರನ್ನೇ ಮುಂದುವರಿಸಿತು. 2012ರ ಡಿಸೆಂಬರ್‌ನಲ್ಲಿ ಆಟಗಾರ್ತಿಯರು ಜಪಾನಿನ ಒಲಿಂಪಿಕ್ ಸಮಿತಿಗೇ ಪತ್ರ ಬರೆದರು. ಮರುತಿಂಗಳು ವಿಷಯ ಹೊರಬಿದ್ದು ಕೋಚ್ ರಾಜೀನಾಮೆ ಕೊಟ್ಟರು. ಕೆಳಗಿನವರು ಕೇಳದಿದ್ದರೆ ಮೇಲಿನವರ ಹತ್ತಿರ ಹೋಗಬಹುದು.

ನಮ್ಮಲ್ಲೂ ಒಂದು ಉದಾಹರಣೆ ಇದೆ. 2022ರಲ್ಲಿ ಸ್ಲೊವೇನಿಯಾಗೆ ಹೋಗಿದ್ದ ಸೈಕ್ಲಿಂಗ್ ಆಟಗಾರ್ತಿಯೊಬ್ಬಳು ಕೋಚ್ ಮೇಲೆ ಕಿರುಕುಳದ ದೂರು ಕೊಟ್ಟಳು. ಸಾಯ್ ಅವಳನ್ನು ವಾಪಸ್ ಕರೆಸಿತು, ಕೋಚ್ ಒಪ್ಪಂದ ರದ್ದು ಮಾಡಿತು.

ಕೋಚ್ ಹೆಂಗಸಾದರೆ ಈ ತೊಂದರೆ ಇರಲ್ಲ ಅಲ್ವಾ?

ಹಾಗೇನಿಲ್ಲ. ಮೇಲೆ ಹೇಳಿದ ಮ್ಯಾಗಿ ಹೇನಿ ಹೆಂಗಸೇ.

ನಾನೇ ಕೋಚ್. ನನಗೂ ಹೀಗೇ ಕಲಿಸಿದ್ದು. ಏನು ಬದಲಿಸಲಿ?

ಈ ಪ್ರಶ್ನೆ ಕೇಳಿದ್ದಕ್ಕೇ ನಿಮ್ಮ ಮೇಲೆ ಗೌರವ ಬರುತ್ತದೆ. ತೂಕವನ್ನು ಎಲ್ಲರೆದುರು ನೋಡುವುದನ್ನು ಇವತ್ತೇ ನಿಲ್ಲಿಸಿ. ಹುಡುಗಿಯ ಜೊತೆ ಒಬ್ಬರೇ ರಾತ್ರಿ ಹೊತ್ತು ಚಾಟ್ ಬೇಡ, ಗ್ರೂಪಿನಲ್ಲಿ ಹಾಕಿ. ನೋವು ಅಂದರೆ ನಂಬಿ, ಫಿಸಿಯೊಗೆ ತೋರಿಸಿ. ಸೆಲೆಕ್ಷನ್ ಯಾವ ಆಧಾರದ ಮೇಲೆ ಅಂತ ಮೊದಲೇ ಬರೆದು ಗೋಡೆಗೆ ಅಂಟಿಸಿ. ಸಿಟ್ಟಲ್ಲಿ ಬಾಯಿ ಜಾರಿದರೆ, ಯಾರೆದುರು ಅಂದಿರೋ ಅವರೆದುರೇ ಕ್ಷಮೆ ಕೇಳಿ. ಪಕ್ಕದ ಕೋಚ್ ಹುಡುಗಿಯ ಮಾನ ಕಳೆಯುತ್ತಿದ್ದರೆ ಬೇರೆ ಕಡೆ ನೋಡಬೇಡಿ. ನಿಮ್ಮ ಮಾತಿಗೆ ಅವರ ಹತ್ತಿರ ಇರುವ ಬೆಲೆ ಆ ಹುಡುಗಿಯ ಮಾತಿಗಿಲ್ಲ.

ಇಷ್ಟೆಲ್ಲ ಯಾಕೆ, ಆಟ ಬಿಡಿಸಿಬಿಡೋದೇ ಒಳ್ಳೇದಲ್ವಾ?

ಅವಳಿಗೆ ಸಾಕಾಗಿದ್ದರೆ ಬಿಡಲಿ, ಅದು ಸೋಲಲ್ಲ. ಆದರೆ ತಪ್ಪು ಮಾಡಿದವರು ಗ್ರೌಂಡಿನಲ್ಲೇ ಉಳಿದು ಅವಳು ಮನೆಗೆ ಬರುವುದು ಯಾವ ನ್ಯಾಯ? ಮೊದಲು ಬೇರೆ ಕೋಚ್ ನೋಡಿ. ಕೆಲವು ತಿಂಗಳು ಸುಮ್ನೆ ಆಡಲಿ, ಟೈಮಿಂಗ್ ಇಲ್ಲದೆ, ಸ್ಪರ್ಧೆ ಇಲ್ಲದೆ. ಸಿನೇಡ್ ಫ್ಯಾರೆಲಿ ಅಷ್ಟೆಲ್ಲ ಅನುಭವಿಸಿ ವೃತ್ತಿಪರ ಫುಟ್‌ಬಾಲ್‌ನಿಂದ ವರ್ಷಗಟ್ಟಲೆ ದೂರವಿದ್ದಳು. 2023ರಲ್ಲಿ ವಾಪಸ್ ಬಂದಳು, ಅದೇ ವರ್ಷ, 33ನೇ ವಯಸ್ಸಿನಲ್ಲಿ, ಐರ್ಲೆಂಡ್ ಪರವಾಗಿ ವಿಶ್ವಕಪ್ ಆಡಿದಳು. ಹಾಸ್ಟೆಲ್ ಬದಲಿಸುವುದಾದರೆ ಸೀಟು, ಸ್ಕಾಲರ್‌ಶಿಪ್ ಏನಾಗುತ್ತದೆ ಅಂತ ಇಲಾಖೆಗೆ ಮೊದಲೇ ಬರೆದು ಕೇಳಿ. ಆ ಪತ್ರಕ್ಕೆ ಹಳೆಯ ಕೋಚ್ ಸಹಿ ಬೇಕೇಬೇಕು ಅಂತ ಯಾರಾದರೂ ಹೇಳಿದರೆ, ಯಾವ ನಿಯಮದಲ್ಲಿದೆ ತೋರಿಸಿ ಅನ್ನಿ.